ಡೂಕಣ್ಣನ ಮಡಿ ಕಂಬಳಿ

ಮೊನ್ನೆ ಭಾನುವಾರ ಬೆಳಿಗ್ಗೆ ಪೇಪರು ಹಿಡಿದು ಕೂತಿದ್ದೆ. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಮೇಡಂ ಬಂದು ತಮ್ಮ ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದರು. ಕನ್ನಡಕ ಸರಿಮಾಡಿಕೊಂಡು ನೋಡಿದರೆ ಅದರ ತುಂಬ ಒಂದು ನಾಯಿ. ತುಂಬ ಎಂದರೆ ನಿಜವಾಗಿಯೂ ತುಂಬ. ಒಂದು ಕಡೆ ಕಿವಿ, ಇನ್ನೊಂದು ಕಡೆ ಬಾಲ ಚಿತ್ರದಲ್ಲಿ ಹಿಡಿಸದೆ ಆಚೆಗೆ ಹೋಗಿದ್ದವು. ಯಾರೋ ಸಾಕಿದವರು ಬೈಪಾಸ್ ರಸ್ತೆಯಲ್ಲಿ ಬಿಟ್ಟುಹೋದದ್ದಂತೆ.

"ಅಂಕಲ್, ಇದನ್ನ ತಂದು ಇಟ್ಕೋಬಹುದಾ? ಒಂದು ಪ್ರಾಣಿ ಜೊತೆಗಿದ್ರೆ ಮನಸ್ಸಿಗೆ ಒಳ್ಳೇದು ಅಂತ ಡಾಕ್ಟರ್ ಹೇಳಿದಾರೆ. ಎಮೋಷನಲ್ ಸಪೋರ್ಟ್ ಅಂತಾರಲ್ಲ, ಅದಕ್ಕೆ."

ಮೇಡಂ ಇಲ್ಲೇ ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾರೆ. ಚಿಕ್ಕ ವಯಸ್ಸು, ಬೇರೆ ಜಿಲ್ಲೆಯವರು, ಒಬ್ಬರೇ ಇದ್ದಾರೆ. ಹೋದ ವರ್ಷ ಅವರ ತಾಯಿ ತೀರಿಕೊಂಡರೆಂಬ ಸಂಗತಿಯನ್ನು ನನ್ನ ಹೆಂಡತಿ ಸರೋಜ ಹೇಗೋ ಪತ್ತೆ ಹಚ್ಚಿದ್ದಳು. ನಾನು ಗಂಭೀರವಾಗಿ "ಯೋಚನೆ ಮಾಡಿ ಹೇಳ್ತೀನಿ" ಎಂದೆ. ಮನೆ ಮಾಲೀಕರ ಭಾಷೆಯಲ್ಲಿ ಇದಕ್ಕೆ ಆಗುವುದಿಲ್ಲ ಎಂದು ಅರ್ಥ. ಮೇಡಮ್ಮಿಗೂ ಆ ಭಾಷೆ ಬರುತ್ತಿತ್ತೆಂದು ಕಾಣುತ್ತದೆ, ತಲೆ ತಗ್ಗಿಸಿ ಮೇಲೆ ಹೋದರು.

ಸರೋಜ ಅಡಿಗೆಮನೆಯಿಂದ ಸೌಟು ಹಿಡಿದೇ ಬಂದಳು. "ಅದರಲ್ಲಿ ಯೋಚನೆ ಮಾಡೋಕೆ ಏನಿದೆ? ಡೂಕಣ್ಣನ್ನ ಮರೆತುಬಿಟ್ರಾ?"

ಮರೆತಿರಲಿಲ್ಲ. ಆದರೆ ನೋಡಿ, ಮನುಷ್ಯ ಮನೆ ಕಟ್ಟಿಸಿ ಟೈಲ್ಸ್ ಹಾಕಿಸಿದ ಮೇಲೆ ಅವನ ಜ್ಞಾಪಕಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ. ಆದ್ದರಿಂದ ನಿಮ್ಮ ಮುಂದೆ ಕೂತೇ ಯೋಚನೆ ಮಾಡುತ್ತೇನೆ. ಯಾರೋ ಬಿಟ್ಟುಹೋದ ದೊಡ್ಡ ಜಾತಿಯ ನಾಯಿ ಮನುಷ್ಯರ ಮನಸ್ಸಿಗೆ ಆಸರೆಯಾದೀತೇ? ಡಾಕ್ಟರರ ಶಾಸ್ತ್ರ ನನಗೆ ತಿಳಿಯದು. ನೀರಾವರಿ ಇಲಾಖೆಯಲ್ಲಿ ಗುಮಾಸ್ತನಾಗಿದ್ದವನಿಗೆ ಗೊತ್ತಿರುವುದು ಕಡತಗಳು, ಮತ್ತು ಒಂದೇ ಒಂದು ನಾಯಿ.

ತೊಂಬತ್ತರ ದಶಕದಲ್ಲಿ ನಾನು ಗೊರೂರಿನ ಕಛೇರಿಯಲ್ಲಿದ್ದೆ. ಇಲಾಖೆಯ ಕ್ವಾರ್ಟರ್ಸಿನಲ್ಲೇ ವಾಸ. ಅಲ್ಲಿದ್ದ ಇಂಜಿನಿಯರೊಬ್ಬರು ಗ್ರೇಟ್ ಡೇನ್ ಜಾತಿಯ ನಾಯಿ ಸಾಕಿದ್ದರು. ಬೂದು ಬಣ್ಣ, ಕರುವಿನಷ್ಟು ಎತ್ತರ, ಹೆಸರು ಡ್ಯೂಕ್. ಅವರಿಗೆ ವರ್ಗವಾದಾಗ ಮಂಚ, ಬೀರು, ಫ್ರಿಜ್ಜು, ಹೂಕುಂಡ ಎಲ್ಲವೂ ಲಾರಿ ಹತ್ತಿದವು, ನಾಯಿಯನ್ನು ಹತ್ತಿಸಲಿಲ್ಲ. "ಹೊಸ ಊರಲ್ಲಿ ಮನೆ ಚಿಕ್ಕದು, ಆಮೇಲೆ ಬಂದು ಕರ್ಕೊಂಡು ಹೋಗ್ತೀವಿ" ಎಂದರು. ಬರಲಿಲ್ಲ. ಡ್ಯೂಕ್ ಲಾರಿ ಹೋದ ದಾರಿಯ ಕಡೆಗೆ ಮುಖಮಾಡಿ ಗೇಟಿನ ಪಕ್ಕ ತಿಂಗಳುಗಟ್ಟಲೆ ಮಲಗಿದ. ಕಾವಲುಗಾರ ಜವರಪ್ಪ ಹಾಕಿದ ಮುದ್ದೆ ತಿಂದು ಮತ್ತೆ ಅದೇ ಜಾಗಕ್ಕೆ ಹೋಗಿ ಮಲಗುತ್ತಿದ್ದ.

ವರ್ಷದ ಮೇಲೆ ನನಗೆ ನಮ್ಮದೇ ಊರಾದ ಹೊಳೆನರಸೀಪುರಕ್ಕೆ ವರ್ಗವಾಯಿತು. ಟೆಂಪೋಗೆ ಸಾಮಾನು ತುಂಬಿಸಿ ಹಿಂತಿರುಗಿ ನೋಡಿದರೆ ನಮ್ಮ ಹಾಸಿಗೆ ಸುರುಳಿಯ ಮೇಲೆ ಡ್ಯೂಕ್ ಕೂತಿದ್ದ. ಇಳಿ ಎಂದೆ. ಇಂಗ್ಲಿಷಿನಲ್ಲೂ ಹೇಳಿದೆ. ಇಲಾಖೆಯ ಗತ್ತಿನಲ್ಲೂ ಹೇಳಿದೆ. ಅವನು ಬೇರೆ ಕಡೆ ನೋಡಿದ.

"ಓಗ್ಲಿ ಬುಡಿ ಸಾ," ಎಂದ ಜವರಪ್ಪ. "ಸಾಯೇಬ್ರು ಓದ್ರು, ಈಗ ನೀವೂ ಒಂಟ್ರಿ. ಅದೊಂದೇ ಇಲ್ಲಿ ರಿಟೇರಾಗೋಗಂಟ ಕುಂತಿರ್ಬೇಕಾ? ಅದ್ಕೂ ಟ್ರಾನ್ಸ್‌ಫರ್ ಆಗೈತೆ ಅನ್ಕಳಿ."

ಹೀಗೆ ಆರ್ಡರಿಲ್ಲದೆ, ಯಾರ ಶಿಫಾರಸೂ ಇಲ್ಲದೆ ವರ್ಗವಾದ ಜೀವ ನಮ್ಮ ಇಲಾಖೆಯಲ್ಲಿ ಅದೊಂದೇ ಇರಬೇಕು.

ಈಗ ನಿಮಗೆ ಪದ್ದತ್ತೆಯ ಪರಿಚಯ ಮಾಡಿಕೊಡಬೇಕು. ನನ್ನ ತಂದೆಯ ತಂಗಿ. ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲು ಇಬ್ಬರಿಗೂ ಸೇರಿದ್ದು. ಅವಳಿಗೆ ಮಕ್ಕಳಿರಲಿಲ್ಲ. ಹಾಗಾಗಿ ಬೀದಿಯ ಮಕ್ಕಳೆಲ್ಲ ಅವಳ ಸೊಂಟದ ಮೇಲೇ ಬೆಳೆದವು. ಅವರಲ್ಲಿ ನಾನೂ ಒಬ್ಬ, ಮತ್ತು ನಾನು ಹಗುರವಾದ ಮಗುವಾಗಿರಲಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಅಂಥವಳಿಗೆ ಗಂಡ ತೀರಿಕೊಂಡ ಮೇಲೆ ಮಡಿ ಹಿಡಿಯಿತು. ಮಡಿ ಆಗ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಇತ್ತು. ಸ್ನಾನ ಮಾಡಿ, ಒಗೆದು ಒಣಗಿಸಿದ ಸೀರೆ ಉಟ್ಟು, ಅಡಿಗೆ ಪೂಜೆ ಮುಗಿಯುವವರೆಗೆ ಯಾರನ್ನೂ ಮುಟ್ಟದೆ ಇರುವುದು. ಮುಗಿದ ಮೇಲೆ ಎಲ್ಲರೂ ಮತ್ತೆ ಮನುಷ್ಯರಾಗುತ್ತಿದ್ದರು. ಪದ್ದತ್ತೆಯ ಮಡಿ ಮಾತ್ರ ಮುಗಿಯುತ್ತಿರಲಿಲ್ಲ. ಏಳುವುದರಿಂದ ಮಲಗುವವರೆಗೂ ಮಡಿ. ಯಾರ ಸೆರಗಿನ ತುದಿ ತಾಕಿದರೂ ಮತ್ತೆ ಸ್ನಾನ. ನನ್ನ ಮಗಳು ಚಿನ್ನಿಗೆ ಆಗ ನಾಲ್ಕು ವರ್ಷ. ರಜೆಗೆ ಊರಿಗೆ ಬಂದಾಗ ಅವಳು ಹತ್ತಿರ ಹೋದರೆ ಪದ್ದತ್ತೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಚಕ್ಕುಲಿ ಕೊಡುವಾಗಲೂ ಕೈಗೆ ಮೇಲಿನಿಂದ ಬೀಳಿಸುತ್ತಿದ್ದಳು.

"ಪದ್ದಜ್ಜಿಗೆ ನಾನಂದ್ರೆ ಇಷ್ಟ ಇಲ್ಲ" ಎಂದು ಒಂದು ದಿನ ಊಟಕ್ಕೆ ಕೂತಾಗ ಮಗು ಹೇಳಿತು. ಅಳಲಿಲ್ಲ, ನಮಗೆ ಸುಮ್ಮನೆ ವಿಷಯ ತಿಳಿಸಿತು.

ಇಂಥ ಮನೆಯ ಹಿತ್ತಲಿಗೆ ನಾನು ನಾಯಿ ತಂದು ಬಿಟ್ಟೆ. ನನ್ನ ವ್ಯವಹಾರಜ್ಞಾನದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಗ್ರೇಟ್ ಡೇನ್ ನಾಯಿಗಳಿಗೆ ಒಂದು ಅಭ್ಯಾಸವಿದೆ. ಇಷ್ಟವಾದವರ ಪಕ್ಕಕ್ಕೆ ಬಂದು, ಮೈಯ ಭಾರವನ್ನೆಲ್ಲ ಅವರ ಮೇಲೆ ಬಿಟ್ಟು ಒರಗಿ ನಿಂತುಬಿಡುತ್ತವೆ. ಕೇಳುವುದಿಲ್ಲ, ಕುಣಿಯುವುದಿಲ್ಲ, ಸುಮ್ಮನೆ ಒರಗುತ್ತವೆ. ನಾವು ಬಂದ ಮರುದಿನ ಬೆಳಿಗ್ಗೆ ಪದ್ದತ್ತೆ ಒದ್ದೆ ಸೀರೆಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದಾಗ ಡ್ಯೂಕ್ ನಿಧಾನವಾಗಿ ಹೋಗಿ ಅವಳ ಸೊಂಟಕ್ಕೆ ಒರಗಿದ. ಚೊಂಬು ಬಿದ್ದ ಸದ್ದು ಕೇಳಿ ಬೈಗುಳಕ್ಕೆ ತಯಾರಾಗಿಯೇ ನಾನು ಓಡಿದೆ. ಅವಳು ಅಲ್ಲಾಡದೆ ನಿಂತಿದ್ದಳು. ನಾಯಿಯೂ ನಿಂತಿತ್ತು. ಮೂರು ವರ್ಷದಿಂದ ಅವಳನ್ನು ಯಾವ ಜೀವವೂ ಹೀಗೆ ಮುಟ್ಟಿ ನಿಂತಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು.

"ಕಟ್ಟಿಹಾಕಲಾ ಅತ್ತೆ?"

"ಬೇಡ. ಪಾಪ, ಅದಕ್ಕೇನು ಗೊತ್ತಾಗತ್ತೆ" ಎಂದು ಮತ್ತೆ ಬಚ್ಚಲಿಗೆ ಹೋದಳು.

ಆವತ್ತು ನಾಲ್ಕು ಸ್ನಾನವಾಯಿತು, ಮರುದಿನ ಆರು. ವಾರದೊಳಗೆ ನೆಗಡಿ ಹಿಡಿದು ದನಿಯೇ ಹೋಯಿತು. ದಿನಕ್ಕೆ ಒಂದೇ ಸ್ನಾನ, ಅದೂ ಬಿಸಿನೀರಿನಲ್ಲಿ ಎಂದು ಡಾಕ್ಟರು ಗದರಿಸಿದರು. ಈಗ ಒಂದೋ ಸ್ನಾನ ಬಿಡಬೇಕು, ಇಲ್ಲವೇ ನಾಯಿಯನ್ನು ದೂರ ಇಡಬೇಕು. ಪದ್ದತ್ತೆ ಎರಡು ದಿನ ಕಷಾಯ ಕುಡಿದು ಮೂರನೆಯ ದಾರಿಯೊಂದನ್ನು ಕಂಡುಹಿಡಿದಳು.

"ಉಣ್ಣೆಗೆ ಮೈಲಿಗೆ ಇಲ್ಲ ಕಣೋ. ಮಡಿ ಸೀರೆ ಒಣಗದಿದ್ದಾಗ ಧಾಬಳಿ ಉಟ್ಕೊಂಡು ಅಡಿಗೆ ಮಾಡಲ್ವಾ? ಆ ನಾಯಿಗೊಂದು ಕಂಬಳಿ ಹೊದಿಸು. ಆಮೇಲೆ ತಾಕಿದ್ರೆ ಕಂಬಳಿ ತಾಕಿದ ಹಾಗೆ, ನಾಯಿ ತಾಕಿದ ಹಾಗಲ್ಲ."

"ಕಂಬಳಿ ಒಳಗೆ ನಾಯಿ ಇರತ್ತಲ್ಲ ಅತ್ತೆ?"

"ಒಳಗೆ ಏನಿದೆ ಅಂತ ನೋಡ್ತಾ ಹೋದ್ರೆ ಯಾರಿಗೂ ಮಡಿ ಇಲ್ಲ."

ಚನ್ನರಾಯಪಟ್ಟಣದ ಸಂತೆಗೆ ಹೋಗಿ ಒಂದು ಕರಿಕಂಬಳಿ ತಂದೆ. ಪೇಟೆ ಬೀದಿಯ ಟೈಲರು ಡ್ಯೂಕನನ್ನು ಸುತ್ತು ಹಾಕಿ ನೋಡಿ, ಟೇಪನ್ನು ಕೊರಳಿಂದ ತೆಗೆಯುವ ಧೈರ್ಯವಾಗದೆ ನಿಂತ. "ಅಳ್ತೆ ತಗಳಾಕೆ ಬುಡ್ತದಾ ಸಾ? ಗುಂಡಿ ಮಡಗ್ಲಾ, ಲಾಡಿ ಸಾಕಾ?" ಲಾಡಿ ಸಾಕು ಎಂದೆ. ಅಂದಿನಿಂದ ಬೇಸಿಗೆಯ ಬಿಸಿಲಲ್ಲೂ ನಮ್ಮ ನಾಯಿ ಕರಿಕಂಬಳಿ ತೊಟ್ಟು ಗಂಭೀರವಾಗಿ ಓಡಾಡತೊಡಗಿತು. ಡ್ಯೂಕ್ ಎಂಬ ಹೆಸರು ಪದ್ದತ್ತೆಯ ಬಾಯಲ್ಲಿ ಡೂಕಣ್ಣ ಆಯಿತು. "ನಿಮ್ಮನೆ ಡೂಕಣ್ಣನವರು ಸಂಧ್ಯಾವಂದನೆನೂ ಮಾಡ್ತಾರೇನ್ರಿ?" ಎಂದು ಬೀದಿಯವರು ನನ್ನನ್ನು ಕೇಳುವರು. ನನ್ನ ಸಂಧ್ಯಾವಂದನೆಯ ಸ್ಥಿತಿ ಎಲ್ಲರಿಗೂ ಗೊತ್ತಿದ್ದುದರಿಂದ ನಾನು ಆ ಚರ್ಚೆ ಬೆಳೆಸುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತು ಪದ್ದತ್ತೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಕಂಬಳಿ ತೊಟ್ಟ ಡೂಕಣ್ಣ ಪಕ್ಕದಲ್ಲಿ ಒರಗುತ್ತಿದ್ದ. ಒಂದು ರಜೆಯ ದಿನ ನಾನು ಬಚ್ಚಲ ಒಲೆಗೆ ಸೌದೆ ಜೋಡಿಸುತ್ತಿದ್ದೆ. ಅವಳು ಮಾತಾಡುವುದು ಕೇಳಿಸಿತು. ನಾನಿರುವುದು ಅವಳಿಗೆ ಗೊತ್ತಿರಲಿಲ್ಲ.

"ನಮ್ಮೋರು ಹೋಗಿದ್ದು ನನ್ನಿಂದಾನೇ ಡೂಕಣ್ಣ. ಆ ವರ್ಷ ಅವರ ತಂದೆ ಶ್ರಾದ್ಧದ ದಿನ ಮಡೀಲಿ ವಡೆ ತಟ್ತಾ ಕೂತಿದ್ದೆ. ಈ ಚಿನ್ನಿ ಒಂದು ವರ್ಷದ ಕೂಸು. ಅಂಬೆಗಾಲಿಟ್ಕೊಂಡು ಬಂದು ತೊಡೆ ಹತ್ತಿಬಿಡ್ತು. ತಬ್ಕೊಂಡೆ, ಮುತ್ತು ಕೊಟ್ಟೆ. ಅಷ್ಟೊತ್ತಿಗೆ ಶಾಸ್ತ್ರಿಗಳು ಎಲೆ ಮುಂದೆ ಕೂತಾಗಿತ್ತು. ಮತ್ತೆ ಸ್ನಾನ ಮಾಡ್ಲಿಲ್ಲ, ಯಾರಿಗೂ ಹೇಳ್ಲಿಲ್ಲ, ಹಾಗೇ ಬಡಿಸಿಬಿಟ್ಟೆ. ತಿಂಗಳು ತುಂಬೋದ್ರೊಳಗೆ ಅವರು ಹೋದ್ರು. ಇನ್ನು ಆ ಮಗೂನ ಮುಟ್ಟಿ ಅದಕ್ಕೂ ಏನಾದ್ರೂ ಆಗ್ಬಿಟ್ರೆ?"

ಡೂಕಣ್ಣ ಆಕಳಿಸಿದ. ನಾನು ಸೌದೆ ಹಿಡಿದು ಹಾಗೇ ಕೂತೆ. ಮಾವನಿಗೆ ಅದಕ್ಕೆ ಮುಂಚೆಯೇ ಒಂದು ಸಲ ಎದೆನೋವು ಬಂದಿತ್ತು, ಡಾಕ್ಟರು ಎಚ್ಚರಿಸಿದ್ದರು. ಇದನ್ನೆಲ್ಲ ಅವಳಿಗೆ ವಿವರಿಸಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ಆದರೆ ನನಗೆ ಹೇಳದ ಗುಟ್ಟಿಗೆ ನಾನು ಉತ್ತರ ಕೊಡುವುದು ಹೇಗೆ? ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅವಳು ಎತ್ತಿ ಆಡಿಸಿದ್ದು ನನ್ನನ್ನು, ಮನಸ್ಸು ಬಿಚ್ಚಿದ್ದು ಗೊರೂರಿನಿಂದ ಬಂದ ನಾಯಿಯ ಹತ್ತಿರ.

ಮಾವನ ಶ್ರಾದ್ಧ ಬಂತು. ಕರ್ಮ ಮಾಡುವವನು ನಾನೇ. ಪದ್ದತ್ತೆ ಮಡಿಯಲ್ಲಿ ಅಡಿಗೆಗೆ ಕೂತಿದ್ದಳು. ಡೂಕಣ್ಣನ ಕಂಬಳಿಯನ್ನು ಸರೋಜ ಒಗೆದು ಹಗ್ಗದ ಮೇಲೆ ಹರವಿದ್ದಳು, ಅವನು ಬರಿಮೈಯಲ್ಲಿ ಜಗುಲಿಯ ಮೇಲಿದ್ದ. ಆಗ ಎದುರು ಮನೆಯವರು ಮನೆ ಖಾಲಿಮಾಡಲು ಲಾರಿ ತಂದರು. ಮಂಚ ಹತ್ತಿತು, ಬೀರು ಹತ್ತಿತು. ಡೂಕಣ್ಣ ಎದ್ದು ನಿಂತು ನೋಡಿದನಂತೆ. ಲಾರಿ ಸದ್ದುಮಾಡಿ ಹೊರಟಿತು. ಅವನು ನಡುಮನೆಯಲ್ಲಿ ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದ ಶಾಸ್ತ್ರಿಗಳ ಬೆನ್ನ ಹಿಂದಿನಿಂದ ನನ್ನನ್ನು ದಾಟಿಕೊಂಡು ಒಳಗೆ ನುಗ್ಗಿದ.

ನಾನು ಅಡಿಗೆಮನೆ ಬಾಗಿಲಿಗೆ ಹೋಗಿ ನೋಡಿದರೆ ಅಷ್ಟು ದೊಡ್ಡ ನಾಯಿ ಪದ್ದತ್ತೆಯ ತೊಡೆಯಲ್ಲಿ ತಲೆ ಹುದುಗಿಸಿ ನಡುಗುತ್ತಿತ್ತು. ಅವಳು ಹಿಟ್ಟಿನ ಕೈಯಲ್ಲೇ ಅದರ ಕತ್ತನ್ನು ತಬ್ಬಿಕೊಂಡಿದ್ದಳು. "ಯಾರೂ ಹೋಗಿಲ್ಲ ಕಣೋ. ನಾನೆಲ್ಲೂ ಹೋಗಲ್ಲ. ಇಲ್ಲೇ ಇದೀನಿ ನೋಡು, ಇಲ್ಲೇ ಇದೀನಿ" ಎನ್ನುತ್ತಿದ್ದಳು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಕಂಬಳಿ ಇಲ್ಲದ ನಾಯಿ, ಶ್ರಾದ್ಧದ ಅಡಿಗೆ, ನಡುಮನೆಯಲ್ಲಿ ಕಾಯುತ್ತಿರುವ ಶಾಸ್ತ್ರಿಗಳು. ಮತ್ತೆ ಅದೇ ಆಗಿತ್ತು. ಅವಳ ಮುಖ ಬಿಳಿಚಿಕೊಂಡಿತು. ನಾನು ಏನೂ ನೋಡದವನ ಹಾಗೆ "ಎಲ್ಲಾ ಆಯ್ತಾ ಅತ್ತೆ? ಬಡಿಸಬಹುದಲ್ಲ?" ಎಂದು ನಾಯಿಯನ್ನು ಹಿತ್ತಲ ಬಾಗಿಲಿಂದ ಹೊರಗೆ ಕರೆದುಕೊಂಡು ಹೋದೆ. ಅವಳು ಕೈ ತೊಳೆದುಕೊಂಡು ಬಡಿಸಿದಳು. ಶಾಸ್ತ್ರಿಗಳು ಆವತ್ತು ಮೂರು ಸಲ ವಡೆ ಹಾಕಿಸಿಕೊಂಡರು. ಅವರು ತುಂಬು ಬಾಳು ಬಾಳಿ ಹೋಗಿರುವುದರಿಂದ ಈಗ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮರುದಿನದಿಂದ ಪದ್ದತ್ತೆಯ ಪಹರೆ ಶುರುವಾಯಿತು. ತಿಂಗಳೊಳಗೆ ಯಾರಿಗೋ ಏನೋ ಆಗಿಯೇ ಆಗುತ್ತದೆಂದು ಅವಳು ಕಾಯುತ್ತಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಹಿತ್ತಲಿಗೆ ಬಂದು "ಆರೋಗ್ಯವಾಗಿದೀರೇನೋ ಎಲ್ಲಾ?" ಎನ್ನುವಳು. ಚಿನ್ನಿಯನ್ನು ದೂರದಿಂದಲೇ ಅಡಿಯಿಂದ ಮುಡಿಯವರೆಗೆ ನೋಡುವಳು. ನನ್ನನ್ನು ಕರೆದು "ಸುಮ್ನೆ ಸೈಕಲ್ಲಲ್ಲಿ ಹೋಗಿ ಬಾ, ಶಾಸ್ತ್ರಿಗಳು ಜಗುಲಿ ಮೇಲೆ ಕೂತಿದಾರಾ ನೋಡು" ಎನ್ನುವಳು. ದಿನಾ ಹೋಗಿ ನೋಡಿ ಬರುತ್ತಿದ್ದೆ. ಒಂದು ವಾರವಾದ ಮೇಲೆ ಶಾಸ್ತ್ರಿಗಳೇ "ಏನಪ್ಪಾ, ದಿನಾ ಬಂದು ನನ್ನ ಮುಖ ನೋಡ್ಕೊಂಡು ಹೋಗ್ತೀಯ, ಏನು ಸಮಾಚಾರ?" ಎಂದರು. ತಾವು ಬದುಕಿರುವುದೇ ಸಮಾಚಾರ ಎಂದು ಹೇಗೆ ಹೇಳಲಿ?

ಆ ತಿಂಗಳು ಸುಸೂತ್ರವಾಗಿ ಕಳೆದರೆ ಅವಳ ಭಯ ಬಿಡಬಹುದು. ಯಾರಾದರೂ ಹಾಸಿಗೆ ಹಿಡಿದರೋ, ಮುಗಿಯಿತು, ಸಾಯುವವರೆಗೂ ಅವಳು ಯಾರನ್ನೂ ಮುಟ್ಟುವುದಿಲ್ಲ. ಇದು ನನಗೂ ಸರೋಜಳಿಗೂ ಚೆನ್ನಾಗಿ ಗೊತ್ತಿತ್ತು. ಹದಿನೆಂಟನೆಯ ದಿನ ನನಗೆ ಜ್ವರ ಬಂತು.

ಜ್ವರವೆಂದರೆ ನಾನು ಸಾಮಾನ್ಯವಾಗಿ ಊರಿಗೆಲ್ಲ ಕೇಳುವಂತೆ ನರಳುವವನು. ಆ ಸಲ ಬೆಳಿಗ್ಗೆ ಎದ್ದು ಕ್ಷೌರ ಮಾಡಿಕೊಂಡು, ಮುಖಕ್ಕೆ ಪೌಡರು ಬಳಿದುಕೊಂಡು ಹಿತ್ತಲಿಗೆ ಹೋಗಿ ನಿಂತೆ. ಹಲ್ಲು ಕಟಕಟ ಎನ್ನುವುದು ಕೇಳಬಾರದೆಂದು ಹಾಡು ಗುನುಗಿದೆ. ಸರೋಜ ಕಿಟಕಿಗಳನ್ನೆಲ್ಲ ಮುಚ್ಚಿ ಕಷಾಯ ಕುದಿಸಿದಳು. ಊರಿನ ಡಾಕ್ಟರಿಗೆ ತೋರಿಸಿದರೆ ಸುದ್ದಿ ಸಂಜೆಗೆ ಕೋಟೆ ಮುಟ್ಟುತ್ತದೆಂದು ಕಛೇರಿಗೆ ಹೋಗುವವನಂತೆ ಹೊರಟು ಅರಕಲಗೂಡಿನ ಬಸ್ಸು ಹತ್ತಿದೆ.

"ಇಷ್ಟು ಜ್ವರ ಇಟ್ಕೊಂಡು ಇಲ್ಲೀವರೆಗೂ ಬಂದಿದೀರಲ್ಲ, ನಿಮ್ಮೂರಲ್ಲಿ ಡಾಕ್ಟ್ರಿಲ್ವಾ?" ಎಂದರು ಅಲ್ಲಿನ ಡಾಕ್ಟರು.

"ಇದಾರೆ ಸಾರ್. ನಮ್ಮತ್ತೇನೂ ಇದಾರೆ" ಎಂದೆ. ಅವರು ಜ್ವರ ತಲೆಗೇರಿದೆಯೆಂದು ಇನ್ನೊಂದು ಮಾತ್ರೆ ಬರೆದರು.

ಇಪ್ಪತ್ತೊಂದನೆಯ ದಿನ ಭಾನುವಾರ. ಬೆಳಗಿನ ಹಾಡು ಮುಗಿಸಿ ಬಂದು ಕಂಬಳಿಯೊಳಗೆ ಮುದುಡಿಕೊಂಡಿದ್ದೆ. ಹಿತ್ತಲಲ್ಲಿ ಪದ್ದತ್ತೆ "ಬಾರೇ ಇಲ್ಲಿ" ಎಂದು ಕರೆಯುವುದು ಕೇಳಿಸಿತು. ಎದ್ದು ಕಿಟಕಿಯ ಸಂದಿಯಿಂದ ನೋಡಿದೆ. ಅವಳು ಬಗ್ಗಿ ಚಿನ್ನಿಯನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಮಗು ಮರದ ಗೊಂಬೆಯ ಹಾಗೆ ಸೆಟೆದುಕೊಂಡಿತ್ತು. ಕೈ ಎಲ್ಲಿಡಬೇಕೆಂದು ಅದಕ್ಕೆ ಗೊತ್ತಾಗುತ್ತಿರಲಿಲ್ಲ.

"ಪದ್ದಜ್ಜಿ, ಈಗ ಮತ್ತೆ ಸ್ನಾನ ಮಾಡ್ತೀಯಾ?"

"ಇಲ್ಲ ಕಣೇ. ಸ್ನಾನ ಮಾಡಿ ಮಾಡಿ ಸುಸ್ತಾಗಿದೆ."

ಆಗ ಮಗು ಅವಳ ಕೊರಳನ್ನು ತಬ್ಬಿಕೊಂಡಿತು. ನನಗೆ ಅಳು ಬಂತು. ಜೊತೆಗೆ ಹೆಮ್ಮೆಯೂ ಆಯಿತು. ತಿಂಗಳು ತುಂಬಲು ಇನ್ನೂ ದಿನಗಳಿದ್ದರೂ ಧೈರ್ಯ ಬಂದಿದೆ ಎಂದರೆ ಅದು ನನ್ನ ಅಭಿನಯದ ಫಲವೆಂದೇ ತಿಳಿದೆ.

ಡೂಕಣ್ಣ ಇನ್ನೂ ಮೂರು ವರ್ಷ ಇದ್ದ. ದೊಡ್ಡ ಜಾತಿಯ ನಾಯಿಗಳಿಗೆ ಆಯುಸ್ಸು ಕಡಿಮೆ. ಒಂದು ಮಧ್ಯಾಹ್ನ ಒಗೆಯುವ ಕಲ್ಲಿನ ಪಕ್ಕದಲ್ಲಿ, ಪದ್ದತ್ತೆಯ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟ. ಹಿತ್ತಲಲ್ಲೇ ಮಣ್ಣು ಮಾಡಿದೆವು. ಮನೆಯವರು ಸತ್ತಾಗ ಮಾಡುವ ಹಾಗೆ ಅವಳು ಒಂದು ಸ್ನಾನ ಮಾಡಿದಳು. ಒಂದೇ. ಬಂದು ನನ್ನ ಪಕ್ಕ ಕೂತು, "ಇದು ನನ್ನಿಂದ ಆಯ್ತು ಅಂತ ಅನ್ನಿಸ್ತಿಲ್ಲ ಕಣೋ" ಎಂದಳು.

ಅವಳನ್ನು ಸಮಾಧಾನ ಮಾಡಲೆಂದು ನಾನು ನನ್ನ ಸಾಹಸದ ಕಥೆ ತೆಗೆದೆ. "ಅತ್ತೆ, ಆ ಶ್ರಾದ್ಧ ಆದ್ಮೇಲೆ ನನಗೆ ಜೋರು ಜ್ವರ ಬಂದಿತ್ತು. ನಿನಗೆ ಸುಳಿವೇ ಸಿಗದ ಹಾಗೆ ನೋಡ್ಕೊಂಡೆ, ಗೊತ್ತಾ?"

"ಸುಳಿವು ಸಿಗದೆ ಏನೋ? ಸರೋಜನ ಕಷಾಯದ ವಾಸನೆ ನನ್ನ ದೇವರಮನೇವರೆಗೂ ಬಂದಿತ್ತು. ಅರಕಲಗೂಡು ಬಸ್ಸಲ್ಲಿ ಮುದುರ್ಕೊಂಡು ಕೂತಿದ್ದೆ ಅಂತ ನೋಡಿದೋರು ಹೇಳಿದ್ರು. ಹುಟ್ಟಿದಾಗಿಂದ ಒಂದು ದಿನ ಹಾಡು ಹೇಳ್ದೋನಲ್ಲ, ಬೆಳಬೆಳಿಗ್ಗೆ ಬಂದು ರಾಗ ಎಳೀತಿದ್ದೆ!"

"ಮತ್ತೆ... ಹೆದರಿಕೆ ಆಗ್ಲಿಲ್ವಾ?"

"ಪ್ರಾಣವೇ ಹೋದ ಹಾಗಾಯ್ತು. ಎರಡು ದಿನ ಊಟ ಸೇರ್ಲಿಲ್ಲ. ಮೂರನೇ ದಿನ ನೋಡ್ತೀನಿ, ಪೌಡರ್ ಬಳ್ಕೊಂಡು, ನಿಲ್ಲೋಕೆ ತ್ರಾಣ ಇಲ್ದೆ ತುಳಸಿಕಟ್ಟೆ ಹಿಡ್ಕೊಂಡು ನಗ್ತಾ ನಿಂತಿದೀಯ. ನಾನು ಹೆದರ್ಕೋಬಾರ್ದು ಅಂತ ಈ ಪೆದ್ದ ಇಷ್ಟೆಲ್ಲಾ ಮಾಡ್ತಿದಾನಲ್ಲ ಅನ್ನಿಸ್ತು. ಆಗಿದ್ದಾಗ್ಲಿ, ಆ ಮಗೂನ ಎತ್ಕೊಂಡೇಬಿಡ್ತೀನಿ ಅಂತ ಎತ್ಕೊಂಡೆ."

ಪದ್ದತ್ತೆ ಹೋಗಿ ವರ್ಷಗಳಾದವು. ಅವಳನ್ನು ಸರಿಮಾಡಿದ್ದು ನಾಯಿ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳಲ್ಲ. ಯಾರಿಗೂ ಹೇಳಲಾಗದ್ದನ್ನು ಅವಳು ಮೊದಲು ಹೇಳಿದ್ದು ಅವನ ಹತ್ತಿರ. ಆದರೆ ಇಷ್ಟು ಬರೆದ ಮೇಲೆ, ಗೋಡೆಯ ಈಚೆ ಇದ್ದ ನಮ್ಮ ಪಾಲಿಗೂ ಒಂದಿಷ್ಟು ಕೆಲಸವಿತ್ತಲ್ಲ ಎನ್ನಿಸುತ್ತಿದೆ.

ಅದೇ ದಿನ ಸಂಜೆ ಮಹಡಿ ಹತ್ತಿದೆ. "ನಾಯಿ ತನ್ನಿ ಮೇಡಂ," ಎಂದೆ. "ಆದರೆ ಒಂದು ಷರತ್ತು. ಅದರ ಹತ್ತಿರ ಹೇಳಿಕೊಳ್ಳೋದರಲ್ಲಿ ಕಾಲು ಭಾಗ ನಮಗೂ ಹೇಳಬೇಕು. ಕೆಳಗೆ ಇಬ್ಬರು ಸುಮ್ಮನೆ ಕೂತಿರ್ತೀವಿ." ಅವರು ನನ್ನನ್ನೇ ನೋಡಿದರು. ಅಧಿಕಪ್ರಸಂಗ ಮಾಡಿದೆನೆಂದುಕೊಂಡು ಮೆಟ್ಟಿಲು ಇಳಿದೆ.

ಮರುದಿನ ಕಾಲೇಜು ಮುಗಿಸಿ ಬಂದವರು ಮೇಲೆ ಹೋಗಲಿಲ್ಲ. ಚಪ್ಪಲಿ ಬಿಟ್ಟು ನೇರವಾಗಿ ನಮ್ಮ ಅಡಿಗೆಮನೆಗೆ ಬಂದು ಸರೋಜಳ ಪಕ್ಕದ ಸ್ಟೂಲಿನ ಮೇಲೆ ಕೂತರು. ಬಾಡಿಗೆಗೆ ಬಂದ ಏಳು ತಿಂಗಳಲ್ಲಿ ಅದೇ ಮೊದಲ ಸಲ. ಎರಡು ಲೋಟ ಕಾಫಿ ಕುಡಿದರು. ಅವರಮ್ಮ ಮಾಡುತ್ತಿದ್ದ ಸಾರಿನಿಂದ ಶುರುವಾದ ಮಾತು ಆಸ್ಪತ್ರೆಯ ಕೊನೆಯ ದಿನದವರೆಗೂ ಹೋಯಿತು. ನಾನು ನಡುಮನೆಯಲ್ಲಿ ಪೇಪರನ್ನು ಮುಖಕ್ಕೆ ಹಿಡಿದು ಕೇಳಿಸಿಕೊಳ್ಳುತ್ತಿದ್ದೆ. ನಾಯಿ ಬರುವುದಕ್ಕೆ ಇನ್ನೂ ನಾಲ್ಕು ದಿನವಿತ್ತು.